ಖಾಲಿ ಬೆನ್ನು

ತಂಗಿಯನ್ನು ಬೆನ್ನ ಮೇಲೆ ಹೊತ್ತು ಎರಡನೇ ಮಹಡಿಯಿಂದ ಇಳಿಸುವುದು ಅವನಿಗೆ ಬರೀ ಕೆಲಸವಾಗಿರಲಿಲ್ಲ, ಹೆಮ್ಮೆಯೇ ಆಗಿತ್ತು. ಅವಳ ಕಾಲುಗಳಿಗೆ ಹುಟ್ಟಿನಿಂದ ಬಲವಿಲ್ಲ. ಬೆಳಿಗ್ಗೆ ಅವಳನ್ನು ಕೆಳಗಿನ ಗಾಲಿಕುರ್ಚಿಯಲ್ಲಿ ಕೂರಿಸಿದರೆ ಅವಳು ಫೋನ್ ರಿಪೇರಿ ಅಂಗಡಿಗೆ, ಇವನು ತನ್ನ ಸೋಫಾ ಹೊಲಿಯುವ ಅಂಗಡಿಗೆ. ಕೆಳಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಅಣ್ಣ ಅಂದ್ರೆ ಹೀಗಿರಬೇಕು ನೋಡು" ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬೀಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಹೀಗಿರುವಾಗ ಅವನ ಹೆಂಡತಿ ನಾದಿನಿಗೆ ಕಸರತ್ತು ಶುರುಮಾಡಿಸಿದಳು. ನೀರು ತುಂಬಿದ ಬಾಟಲಿ ಎತ್ತುವುದು, ಮಂಚಕ್ಕೆ ಕೈಯೂರಿ ಮೈ ಎತ್ತುವುದು. ಮುಚ್ಚಿದ ಬಾಗಿಲಾಚೆ ಇಬ್ಬರೂ ನಗುವುದು ಕೇಳಿಸಿದರೆ ಅವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

"ತೋಳು ಮುಟ್ಟಿ ನೋಡಣ್ಣ."

"ಹ್ಞೂಂ, ಇನ್ನು ಕುಸ್ತಿಗೆ ಹೋಗು."

ಒಂದು ಬೆಳಿಗ್ಗೆ ಅವಳು ಕೂತುಕೊಂಡೇ, ಕೈಯೂರಿ, ಒಂದೊಂದೇ ಮೆಟ್ಟಿಲು ಜಾರುತ್ತ ತಾನೇ ಇಳಿದುಬಿಟ್ಟಳು. ಮೈ ಉಜ್ಜದಿರಲೆಂದು ಹಿಂದೆ ಒಂದು ಮೆತ್ತೆ ಕಟ್ಟಿಕೊಂಡಿದ್ದಳು. ಅವನದೇ ಅಂಗಡಿಯ ಚೂರುಪಾರು ತಂದು ಹೆಂಡತಿ ಹೊಲಿದದ್ದು.

"ಎಂಥಾ ಗಟ್ಟಿಗಿತ್ತಿ!" ಎಂದಳು ಅಜ್ಜಿ. ಆಮೇಲೆ ಅವನತ್ತ ತಿರುಗಿ, "ನಿನ್ನ ಬೆನ್ನು ಹೇಗೂ ಖಾಲಿ ಇದೆಯಲ್ಲಪ್ಪ, ನಮ್ಮ ಸಿಲಿಂಡರ್ ಸ್ವಲ್ಪ ಒಳಗಿಡು."

ಇಟ್ಟ. ಅಂದು ಸಂಜೆ ಆ ಮೆತ್ತೆಯನ್ನು ಯಾರಿಗೂ ಕಾಣದಂತೆ ತನ್ನ ಚೀಲಕ್ಕೆ ತುರುಕಿದ.

ಮರುದಿನ ಮನೆಯೆಲ್ಲ ಹುಡುಕಿದರೂ ಮೆತ್ತೆ ಸಿಗಲಿಲ್ಲ. "ಅದಕ್ಯಾಕೆ ಇಷ್ಟು ಗಲಾಟೆ? ಬಾ" ಎಂದು ಅವನು ಬಗ್ಗಿ ಬೆನ್ನು ಕೊಟ್ಟ. ಅವಳು ಅವನ ಪಕ್ಕದಿಂದ ಸರಿದು ಹೋಗಿ, ಮೆತ್ತೆಯಿಲ್ಲದೆಯೇ ಇಳಿದಳು. ಸಂಜೆ ನೋಡಿದರೆ ಚರ್ಮ ಕಿತ್ತುಬಂದಿತ್ತು.

ಗಾಯ ಮಾಯುವವರೆಗೆ ಮತ್ತೆ ಅಣ್ಣನ ಬೆನ್ನೇ ಗತಿಯಾಯಿತು. ಬೇಕಾದ್ದು ಸಿಕ್ಕಿತೆಂದು ಅವನು ಖುಷಿಪಡುವಷ್ಟರಲ್ಲಿ ಅವಳ ತೋಳುಗಳು ಕೊರಳನ್ನು ಬಳಸಿದವು. ಮೊದಲಿನ ಮೆತ್ತಗಿನ ತೋಳುಗಳಲ್ಲ. ಉಸಿರು ಕಟ್ಟುವ ಹಾಗಿತ್ತು.

ಅರ್ಧ ದಾರಿಯಲ್ಲಿ ಅವಳು ಕಿವಿಯ ಬಳಿ ಹೇಳಿದಳು: "ಮೆತ್ತೆ ನಿನ್ನ ಚೀಲದಲ್ಲಿದೆಯಂತೆ."

"ಯಾರು ಹೇಳಿದ್ದು?"

"ಅತ್ತಿಗೆ. ಮೆಟ್ಟಿಲು ನೋಡ್ಕೊಂಡು ಇಳಿ."

ಅಂಗಡಿಯಲ್ಲಿ ಮೆತ್ತೆಯನ್ನು ಹೊರತೆಗೆದು ಮುಂದಿಟ್ಟುಕೊಂಡ. ಪಶ್ಚಾತ್ತಾಪಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಹೆಂಡತಿಯ ಸೊಟ್ಟ ಹೊಲಿಗೆ. ಇಂಥ ಹೊಲಿಗೆಯನ್ನು ನಂಬಿ ತಂಗಿ ತನ್ನ ಬೆನ್ನನ್ನು ಬಿಟ್ಟಳೇ ಎಂದು ಮೈ ಉರಿಯಿತು. ಪೂರ್ತಿ ಬಿಚ್ಚಿದ. ಒಳ್ಳೆಯ ಫೋಮು, ದಪ್ಪ ರೆಕ್ಸಿನ್, ಸುತ್ತ ಎರಡೆರಡು ಹೊಲಿಗೆ, ಸೊಂಟಕ್ಕೆ ಅಗಲವಾದ ಪಟ್ಟಿ ಹಾಕಿದ. ಗಿರಾಕಿಯ ಸೋಫಾ ಹಾಗೇ ಬಾಯಿ ತೆರೆದುಕೊಂಡು ಬಿದ್ದಿತ್ತು.

ಗಾಯ ಮಾಯ್ದ ಮೇಲೆ ಅವಳು ಅಣ್ಣ ಕೊಟ್ಟ ಆ ಮೆತ್ತೆಯನ್ನು ಕಟ್ಟಿಕೊಂಡು ಮೆಟ್ಟಿಲಿಗಿಳಿದಳು. ಅವನು ಹಿಂದೆಯೇ ಬಂದ.

ಅಜ್ಜಿ ಬಾಗಿಲಲ್ಲೇ ಇದ್ದಳು. "ಹೊಸದಾ? ಎಷ್ಟು ನೀಟಾಗಿದೆ. ನಿಮ್ಮತ್ತಿಗೆಯ ಕೈ ಪಳಗಿಬಿಟ್ಟಿತಲ್ಲೇ."

ಅವನು ಮೇಲಿನ ಮೆಟ್ಟಿಲಲ್ಲಿ ನಿಂತು, ತಂಗಿ ಈಗ ತಿದ್ದುತ್ತಾಳೆಂದು ಕಾದ.

ಅವಳು ತಲೆಯೆತ್ತಿ ಅಣ್ಣನನ್ನೊಮ್ಮೆ ನೋಡಿದಳು. "ಹ್ಞೂಂ ಅಜ್ಜಿ" ಎಂದು, ಮುಂದಿನ ಮೆಟ್ಟಿಲಿಗೆ ಕೈಯೂರಿದಳು.