ಎರಡು ಕಚ್ಚಿನ ಇಲಿ

ಆ ಇಲಿ ಬೆಳೆಯಬಾರದಿತ್ತು. ಬೆಳೆಯುತ್ತಿತ್ತು. ಜಲಜಾಕ್ಷಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

೨೦೦೮ರ ಮಾತು. ತುರ್ಭೆಯ ಸಣ್ಣದೊಂದು ಪ್ರಯೋಗಾಲಯದಲ್ಲಿ ಇಲಿಗಳ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯನ್ನು ತೆಗೆಯುವುದು ಅವಳ ಕೆಲಸ. ಗ್ರಂಥಿ ಹೋದರೆ ಬೆಳವಣಿಗೆಯ ಹಾರ್ಮೋನೂ ಹೋಯಿತು; ಇಲಿ ಇದ್ದಷ್ಟೇ ಉಳಿಯುತ್ತದೆ, ಅದರ ಯಕೃತ್ತಿನಲ್ಲಿ ಆರ್‌ಎನ್‌ಎ ಇಳಿಯುತ್ತದೆ. ಆಮೇಲೆ ಅರ್ಧ ಇಲಿಗಳಿಗೆ ಹಾರ್ಮೋನು, ಇನ್ನರ್ಧಕ್ಕೆ ಬರೀ ಉಪ್ಪುನೀರು ಚುಚ್ಚಿ, ಯಕೃತ್ತಿನ ಆರ್‌ಎನ್‌ಎ ಯಾವುದರಲ್ಲಿ ಏರಿತು ಎಂದು ನೋಡಬೇಕು. ಗುರುತಿಗೆಂದು ಕಿವಿಗೆ ಎರಡು ಕಚ್ಚು ಹಾಕಿದ ಇಲಿ ಉಪ್ಪುನೀರಿನ ಗುಂಪಿನದು. ಅದೊಂದು ಮಾತ್ರ ದಿನಾ ಮದುವೆಯೂಟ ಉಂಡಂತೆ ದಪ್ಪಗಾಗುತ್ತಿತ್ತು.

ಚುಚ್ಚುವವಳು ಪೂಜಿತಾ, ಮೈಸೂರಿನವಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಠಾಕುರ್ಲಿಯಲ್ಲಿ ಲೋಕಲ್ ರೈಲು ಹತ್ತುವ ಜಲಜಾಕ್ಷಿ, ಮುಂದಿನ ಸ್ಟೇಷನ್ ಡೊಂಬಿವಲಿಯಲ್ಲಿ ಹತ್ತುವ ಪೂಜಿತಾಳಿಗೆ ದಿನವೂ ಚೀಲವಿಟ್ಟು ಸೀಟು ಹಿಡಿಯುತ್ತಿದ್ದಳು. ಅಂಥ ಹುಡುಗಿ ಒಮ್ಮೆ, "ಅಕ್ಕ, ಆ ಆಪರೇಷನ್ ನಂಗೂ ಹೇಳ್ಕೊಡಿ" ಎಂದಿದ್ದಳು. ಆಗ ಮುದ್ದಾಗಿ ಕೇಳಿಸಿದ ಮಾತು ಈಗ ಮುಳ್ಳಾಯಿತು. ಓಹೋ, ಕಣ್ಣು ನನ್ನ ಜಾಗದ ಮೇಲೆ! ಕದ್ದು ಹಾರ್ಮೋನು ಚುಚ್ಚಿ ನನ್ನ ಕೆಲಸ ಕೆಡಿಸುತ್ತಿದ್ದಾಳೆ!

ಅನುಮಾನ ಒಮ್ಮೆ ಹೊಕ್ಕರೆ ಕೇಳಬೇಕೇ? ಪೂಜಿತಾ ನಕ್ಕರೂ ತಪ್ಪು, ಸುಮ್ಮನಿದ್ದರೂ ತಪ್ಪು. ಜಲಜಾಕ್ಷಿ ಸೀಟು ಹಿಡಿಯುವುದನ್ನು ಬಿಟ್ಟಳು. ಹಾರ್ಮೋನಿಡುವ ಫ್ರಿಜ್ಜಿನ ಕೀಲಿ ತನ್ನ ಬಳಿ ಇಟ್ಟುಕೊಂಡಳು. ಇಲಿ ಆಗಲೂ ಬೆಳೆಯಿತು. ಅಂದರೆ ಇವಳ ಹತ್ತಿರ ಕಳ್ಳಕೀಲಿಯೂ ಇದೆ ಎಂದುಕೊಂಡಳೇ ಹೊರತು ಬೇರೇನೂ ಹೊಳೆಯಲಿಲ್ಲ.

ಕೊನೆಗೆ ಇಲಿಗಳನ್ನು ಕೊಯ್ದಾಗ ಎರಡು ಕಚ್ಚಿನದರ ಯಕೃತ್ತಿನಲ್ಲಿ ಆರ್‌ಎನ್‌ಎ ಹಾರ್ಮೋನು ಕೊಟ್ಟವುಗಳಷ್ಟೇ ಇತ್ತು. ಜಲಜಾಕ್ಷಿ ನೇರ ಮುಖ್ಯಸ್ಥ ಮೋಹನದಾಸರ ಮುಂದೆ ನಿಂತಳು. "ಇದು ಪೂಜಿತಾಳದ್ದೇ ಕೆಲಸ ಸರ್. ನನ್ನ ಕೈ ಇವತ್ತಿನವರೆಗೆ ತಪ್ಪಿದ್ದುಂಟಾ?"

ಪೂಜಿತಾಳನ್ನು ಕೆಲಸದಿಂದ ಬಿಡಿಸಿದರು. ಅವಳು ಅಳಲಿಲ್ಲ. ಹೋಗುವಾಗ, "ಆ ಇಲಿ ತಲೆಬುರುಡೆ ತೆಗೆದು ಒಂದ್ಸಲ ನೋಡಿ ಅಕ್ಕ" ಎಂದಳು, ಅಷ್ಟೇ.

ಕೊಯ್ದ ಇಲಿಯ ತಲೆ ತೆರೆದು, ಗ್ರಂಥಿಯಿದ್ದ ಗುಳಿ ಖಾಲಿಯಿದೆಯೇ ಎಂದು ನೋಡುವುದು ಅಲ್ಲಿನ ನಿಯಮ. ಜಲಜಾಕ್ಷಿಯ ಇಲಿಗಳನ್ನು ಮಾತ್ರ ಯಾರೂ ಹಾಗೆ ನೋಡುತ್ತಿರಲಿಲ್ಲ. ಅವಳ ಕೈ ಅಂದರೆ ಕೈ! ಪೂಜಿತಾಳ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಹುಡುಗಿಯ ಬಾಯಿ ಮುಚ್ಚಿಸಬೇಕೆಂದೇ, ಕೊಳೆಯದಂತೆ ಫಾರ್ಮಲಿನ್ ಬಾಟಲಿಯಲ್ಲಿಟ್ಟಿದ್ದ ಎರಡು ಕಚ್ಚಿನ ತಲೆಯನ್ನು ತೆಗೆದು ತೆರೆದಳು.

ಗುಳಿಯ ಮೂಲೆಯಲ್ಲಿ ಸಾಸಿವೆಯಷ್ಟು ಚೂರೊಂದು ಅಂಟಿಕೊಂಡಿತ್ತು. ಗ್ರಂಥಿಯ ಚೂರು. ಇಷ್ಟು ದಿನ ಇಲಿಗೆ ಹಾರ್ಮೋನು ಕೊಟ್ಟದ್ದು ಅದೇ. ಜಲಜಾಕ್ಷಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪಕ್ಕದಲ್ಲೇ ಕಸದ ಡಬ್ಬಿ, ಸುತ್ತ ಯಾರೂ ಇಲ್ಲ. ಅದನ್ನು ಎಸೆಯಲು ಇಕ್ಕುಳ ಒಮ್ಮೆ ಮೇಲೆದ್ದದ್ದೂ ನಿಜ. ಆದರೆ ಕಾಲು ಅವಳನ್ನು ಮೋಹನದಾಸರ ಕೋಣೆಗೆ ಒಯ್ದಿತು.

ಆ ಸಂಜೆಯೇ ಡೊಂಬಿವಲಿಯಲ್ಲಿ ಪೂಜಿತಾಳ ಮನೆಯ ಬೆಲ್ ಒತ್ತಿದಳು. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಪೂಜಿತಾಳ ಕಣ್ಣು ಮೊದಲು ಹೋದದ್ದು ಜಲಜಾಕ್ಷಿಯ ಚೀಲದ ಮೇಲೆ.

"ಇನ್ನೇನು ಚೆಕ್ ಮಾಡೋಕ್ ಬಂದ್ರಿ?"

"ಎಂತದೂ ಇಲ್ಲ ಮಾರಾಯ್ತಿ. ತಪ್ಪು ನನ್ನದೇ. ಗ್ರಂಥಿ ಪೂರ್ತಿ ತೆಗಿಲಿಕ್ಕೆ ಆಗ್ಲಿಲ್ಲ ನಂಗೆ. ಸರ್‌ಗೆ ಹೇಳಿದೆ. ಸೋಮವಾರದಿಂದ ಬರ್ಬೇಕಂತೆ ನೀನು."

"ಮುಂದಿನ್ಸಲ ಇಲಿ ದಪ್ಪ ಆದ್ರೆ ಯಾರ್ ಮುಖ ನೋಡ್ತೀರಾ ಅಕ್ಕ?"

ಸರಪಳಿ ತೆಗೆಯದೆಯೇ ಬಾಗಿಲು ಮುಚ್ಚಿತು.

ಸೋಮವಾರ ಜಲಜಾಕ್ಷಿ ಲೋಕಲ್‌ನಲ್ಲಿ ಸುತ್ತಲಿನ ಹೆಂಗಸರ ಬೈಗಳು ತಿಂದು ಚೀಲವಿಟ್ಟು ಸೀಟು ಹಿಡಿದಳು. ಡೊಂಬಿವಲಿಯಲ್ಲಿ ಪೂಜಿತಾ ಅದೇ ಬೋಗಿ ಹತ್ತಿದಳು, ಚೀಲ ಎತ್ತಿ ತೋರಿಸಿದ ಜಾಗವನ್ನೂ ಕಂಡಳು. ಆದರೂ ರೈಲು ಬದಲಿಸುವ ಠಾಣೆ ಸ್ಟೇಷನ್‌ವರೆಗೂ ಬಾಗಿಲಲ್ಲೇ ನಿಂತಳು.