ಗಡಿಯಾರ ಸಾಹುಕಾರರ ಸರದಿ

ಡಾಕ್ಟರಮ್ಮ ಕುದುರೆಯ ಬಾಯೊಳಗೆ ಮೊಣಕೈವರೆಗೆ ಕೈ ಇಳಿಸಿ ನಿಂತಿದ್ದಾಗ ಫೋನು ಹೊಡೆದುಕೊಂಡಿತು. ಬೆಳಿಗ್ಗೆ ಒಂಬತ್ತೂವರೆ. ಗಾಡಿಯವನ ಹಿತ್ತಿಲಿನಲ್ಲಿ ಅವನ ಮುದಿ ಕುದುರೆಯ ಹಲ್ಲಿಗೆ ಅರ ಹಾಕುವ ಕೆಲಸ ಆಗಷ್ಟೇ ಶುರುವಾಗಿತ್ತು. ಕುದುರೆಯ ದವಡೆಹಲ್ಲು ಮುದಿತನದವರೆಗೂ ಬೆಳೆಯುತ್ತಲೇ ಇರುತ್ತದೆ. ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ, ಮೇವು ನುರಿಯದೆ ಪ್ರಾಣಿ ಸೊರಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ, ಬಾಯಿ ಮುಚ್ಚದಂತೆ ಕಬ್ಬಿಣದ ಚೌಕಟ್ಟು ಕೊಟ್ಟು, ಉದ್ದ ಹಿಡಿಯ ಅರದಿಂದ ಒಂದೊಂದನ್ನೇ ಉಜ್ಜಬೇಕು. ಅವಸರದ ಕೆಲಸವಲ್ಲ. ಇವತ್ತು ಆಗದಿದ್ದರೆ ಮುಂದಿನ ವಾರ ಮಾಡಿದರೂ ನಡೆಯುತ್ತದೆ.

ಗಾಡಿಯವನೇ ಫೋನು ತೆಗೆದು ಅವಳ ಕಿವಿಗೆ ಹಿಡಿದ.

"ಡಾಕ್ಟ್ರಾ? ನಾನಮ್ಮ, ದೊಡ್ಡ ಲಾಯದಿಂದ. ನಮ್ಮ ಕೆಂಪು ಹೆಣ್ಣುಕುದುರೆಗೆ ಹೊಟ್ಟೆನೋವು. ಅರ್ಧ ಗಂಟೆ ಆಯ್ತು, ಮಲಗುತ್ತೆ, ಏಳುತ್ತೆ, ಪಕ್ಕೆ ತಿರುಗಿ ನೋಡುತ್ತೆ. ಬೇಗ ಬರ್ಬೇಕು."

ಹೆಸರು ಹೇಳುವ ಅಗತ್ಯವಿರಲಿಲ್ಲ. ಆ ದನಿಯನ್ನು ಅವಳು ಹನ್ನೊಂದು ವರ್ಷದ ಹಿಂದೆ ಒಂದೇ ಒಂದು ಸಲ, ವಿಚಾರಣೆಯ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದಳು. ಅಷ್ಟು ಸಾಕಾಗಿತ್ತು. ಆಮೇಲೆ ಎಷ್ಟೋ ಬೆಳಗಿನ ಜಾವ ಕಾರಿನಲ್ಲಿ ಒಬ್ಬಳೇ ಹೋಗುವಾಗ ಆ ದನಿಗೆ ಉತ್ತರ ಕೊಟ್ಟುಕೊಂಡಿದ್ದಳು.

"ಬರ್ತೀನಿ ಸಾಹುಕಾರ್ರೇ. ಕೈಯಲ್ಲಿ ಒಂದು ಕೆಲಸ ಇದೆ, ಮುಗಿಸಿ ಬರ್ತೀನಿ," ಎಂದಳು. ಮತ್ತೆ ಅರ ಎತ್ತಿಕೊಂಡಳು.

ಊರವರು ಆತನನ್ನು ಗಡಿಯಾರ ಸಾಹುಕಾರ ಎಂದು ಕರೆಯುವುದು ಸುಮ್ಮನೆ ಅಲ್ಲ. ಹನ್ನೊಂದು ವರ್ಷದ ಹಿಂದೆ ಆತನ ಲಾಯದಲ್ಲಿ ಒಂದು ಬೆಲೆಬಾಳುವ ಗಂಡುಕುದುರೆ ಹೊಟ್ಟೆನೋವು ಬಂದು ಸತ್ತಿತು. ಡಾಕ್ಟರಮ್ಮನ ಅಪ್ಪ ಆಗ ಈ ಸುತ್ತಿನ ಕುದುರೆ ಡಾಕ್ಟರು. ಸಾಹುಕಾರ ಮುಂಜಾನೆಯಿಂದ ತನ್ನ ಕೈವೈದ್ಯವನ್ನೆಲ್ಲ ಮಾಡಿ, ಎಣ್ಣೆ ಕುಡಿಸಿ, ಓಡಾಡಿಸಿ, ಇನ್ನೇನು ಕುದುರೆ ಕೈತಪ್ಪಿತು ಎನ್ನುವಾಗ ಮಧ್ಯಾಹ್ನ ಫೋನು ಮಾಡಿದ್ದ. ಅಪ್ಪ ತಟ್ಟೆಯಲ್ಲಿದ್ದ ಅನ್ನ ಬಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿದ್ದರು. ವಿಮೆಯವರ ಮುಂದೆ, ಆಮೇಲೆ ವಿಚಾರಣೆಯಲ್ಲಿ, ತಡವಾಗಿ ಕರೆದದ್ದು ಗೊತ್ತಾದರೆ ವಿಮೆಯ ಹಣ ಸಿಗುವುದಿಲ್ಲವೆಂದು ಈ ಮನುಷ್ಯ ಎಡಗೈ ಎತ್ತಿ ಕೈಗಡಿಯಾರ ತೋರಿಸಿ, "ಬೆಳಿಗ್ಗೆ ಏಳಕ್ಕೆ ಕರೆದೆ, ಡಾಕ್ಟ್ರು ಬಂದದ್ದು ಎರಡಕ್ಕೆ. ನಾನು ಗಡಿಯಾರ ನೋಡ್ಕೊಂಡೇ ಹೇಳ್ತಿದೀನಿ," ಎಂದ. ಲಾಯದ ಮೇಸ್ತ್ರಿ ಪಕ್ಕದಲ್ಲಿ ನಿಂತು ನೆಲ ನೋಡಿದ. ಕರೆ ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕಿತ್ತು. ಅಪ್ಪ ಬರೆದಿರಲಿಲ್ಲ. ಪೆನ್ನು ಹುಡುಕುವಷ್ಟು ಹೊತ್ತನ್ನೂ ಅವರು ಕಳೆದಿರಲಿಲ್ಲ, ಅದೇ ಮುಳುವಾಯಿತು. ಪರವಾನಗಿ ಹೋಯಿತು. ಮೂವತ್ತು ವರ್ಷ ಕುದುರೆಯ ಕಾಲು ಹಿಡಿದ ಕೈ ಈಗ ಅಡುಗೆಮನೆಯಲ್ಲಿ ಕೂತು ಕಂಡವರ ಲಗಾಮು, ಜೀನು ಹೊಲಿಯುತ್ತದೆ.

ಆಗ ಅವಳು ಓದಿನ ಮೂರನೇ ವರ್ಷದಲ್ಲಿದ್ದಳು. ಜೊತೆಗಿದ್ದವರೆಲ್ಲ ನಾಯಿ, ಬೆಕ್ಕಿನ ಕಡೆ ಹೋದರು. ಬುದ್ಧಿವಂತರು. ನಾಯಿ ಒದೆಯುವುದಿಲ್ಲ, ಆಸ್ಪತ್ರೆಗೆ ತಾನೇ ನಡೆದು ಬರುತ್ತದೆ, ಸಂಜೆ ಆರಕ್ಕೆ ಬಾಗಿಲು ಹಾಕಿ ಮನೆಗೆ ಹೋಗಬಹುದು. ಈ ಸುತ್ತಿನ ನಲವತ್ತು ಹಳ್ಳಿಗೆ ಒಂದು ಕಾಲದಲ್ಲಿ ನಾಲ್ಕು ಜನ ಕುದುರೆ ಡಾಕ್ಟರಿದ್ದರು. ಒಬ್ಬರು ಸೊಂಟ ಮುರಿದುಕೊಂಡು ನಿಲ್ಲಿಸಿದರು, ಒಬ್ಬರು ಕಚೇರಿಯ ಕುರ್ಚಿ ಹಿಡಿದರು, ಅಪ್ಪನ ಕಥೆ ಹೀಗಾಯಿತು. ನಾಲ್ಕನೆಯವನನ್ನು ಸಾಹುಕಾರನೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದ, ಆಳಿನಂತೆ ಬೈದ, ಅವನು ಹೋದ. ಪೇಟೆಯಿಂದ ಇನ್ನೊಬ್ಬನನ್ನು ತಂದ, ಅವನೂ ಹೋದ. ಮೊನ್ನೆ ಅವನು ಹೀಗೆ ಇಟ್ಟುಕೊಂಡಿದ್ದ ಮೂರನೆಯ ಡಾಕ್ಟರೂ ಹೇಳದೆ ಕೇಳದೆ ಪೆಟ್ಟಿಗೆ ಕಟ್ಟಿದ ಸುದ್ದಿ ಡಾಕ್ಟರಮ್ಮನ ಕಿವಿಗೆ ಬಿದ್ದಾಗ ಅವಳು ಕಾರಿನಲ್ಲಿ ಒಬ್ಬಳೇ ಕೂತು ನಕ್ಕಿದ್ದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆ ನೀರು ಈಗ ತನ್ನೊಬ್ಬಳ ಬಾವಿಯಲ್ಲಿ ಮಾತ್ರ ಇದೆ ಎನ್ನುವುದು ಅವಳಿಗೆ ಗೊತ್ತಿತ್ತು.

ಅವಳು ಎಡಗಡೆಯ ಮೇಲಿನ ಸಾಲು ಮುಗಿಸಿದಳು. ಬೆರಳಿನಿಂದ ಅಂಚು ಸವರಿ ನೋಡಿದಳು. ನುಣುಪಾಗಿತ್ತು. ಇನ್ನೊಂದು ಸಲ ಉಜ್ಜಿದಳು.

ಗಾಡಿಯವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಐದು ವರ್ಷದಿಂದ ಅವಳನ್ನು ಬಲ್ಲವನು. ಹೊಟ್ಟೆನೋವು ಎಂಬ ಮಾತು ಕಿವಿಗೆ ಬಿದ್ದರೆ ಈ ಹೆಂಗಸು ಹಾಕುತ್ತಿದ್ದ ಹೊಲಿಗೆಯನ್ನು ಗಂಟು ಹಾಕಿ ಕಾರು ಹತ್ತುವುದನ್ನು ಕಂಡಿದ್ದ.

"ಡಾಕ್ಟರಮ್ಮ, ಇದೇನು ಓಡಿಹೋಗಲ್ಲ. ನೀವು ಹೋಗಿ ಬನ್ನಿ, ನಾಳೆ ಮಾಡಿದ್ರಾಯ್ತು."

"ನಿನ್ನ ಕುದುರೆ ಕುದುರೆ ಅಲ್ವಾ? ನೀನು ಮೂರು ವಾರದಿಂದ ಕಾದಿದೀಯಾ. ಸರದಿ ಅಂದ್ರೆ ಸರದಿ."

"ಅದು ಹೊಟ್ಟೆನೋವು ಅಂತ..."

"ತಲೆ ಹಿಡ್ಕೋ, ಅಲ್ಲಾಡ್ತಿದೆ."

ಗಾಡಿಯವ ತಲೆ ಹಿಡಿದುಕೊಂಡ. ಕುದುರೆಗೆ ವಾಂತಿಯಾಗುವುದಿಲ್ಲ. ಹೊಟ್ಟೆಯೊಳಗೆ ಗಾಳಿಯೋ ನೀರೋ ತುಂಬಿದರೆ ಹೊರಗೆ ಬರಲು ದಾರಿಯಿಲ್ಲ. ಮೂಗಿನಿಂದ ಕೊಳವೆ ಇಳಿಸಿ ಬೇಗ ತೆಗೆಯದಿದ್ದರೆ ಹೊಟ್ಟೆಯೇ ಒಡೆಯಬಹುದು, ಇಲ್ಲವೇ ಉಬ್ಬಿದ ಕರುಳು ತಿರುಚಿಕೊಳ್ಳಬಹುದು. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಬಲಗಡೆಯ ಮೇಲಿನ ಸಾಲು, ಆಮೇಲೆ ಕೆಳಗಿನ ಎರಡು ಸಾಲು, ಒಟ್ಟು ಇಪ್ಪತ್ತನಾಲ್ಕು ದವಡೆಹಲ್ಲನ್ನು ಒಂದೂ ಬಿಡದೆ ಉಜ್ಜಿದಳು. ಫೋನು ಮತ್ತೆ ಎರಡು ಸಲ ಹೊಡೆದುಕೊಂಡಿತು. ತೆಗೆಯಬೇಡ ಎಂದು ಕಣ್ಣಲ್ಲೇ ಹೇಳಿದಳು. ಒಂದೊಂದು ಹಲ್ಲಿಗೂ ಅವಳ ಎದೆ ಒಂದಿಷ್ಟು ಹಗುರಾಗುತ್ತಿತ್ತು. ಈ ಸುಖವನ್ನು ಸುಳ್ಳು ಎನ್ನಲು ಬರುವುದಿಲ್ಲ. ಹನ್ನೊಂದು ವರ್ಷ ಹಸಿದವಳು ಉಣ್ಣುವಂತೆ ಅವಳು ನಿಧಾನವಾಗಿ ಉಂಡಳು. ಅರ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ, ಚೌಕಟ್ಟನ್ನು ಬಿಸಿನೀರಿಗೆ ಹಾಕಿ, ಗಾಡಿಯವನ ಹೆಂಡತಿ ತಂದ ಚಹಾವನ್ನು ಕೂತು ಕುಡಿದಳು. ಎಂದೂ ಕೂತವಳಲ್ಲ.

ಲಾಯ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅವಳ ಕಾರು ಗೇಟಿನೊಳಗೆ ಹೋದಾಗ ಹನ್ನೊಂದು ಕಾಲು.

ಇಂಥ ಲಾಯ ಅವಳ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಸಾಲಾಗಿ ಹದಿನೆಂಟು ಕೋಣೆ, ಪ್ರತಿ ಬಾಗಿಲಿಗೂ ಹಿತ್ತಾಳೆಯ ಕೊಂಡಿ, ಗುಡಿಸಿ ನೀರು ಚಿಮುಕಿಸಿದ ಅಂಗಳ. ಕೊನೆಯ ಕೋಣೆಯಲ್ಲಿ ಕೆಂಪು ಕುದುರೆ ಬಿದ್ದಿತ್ತು. ಹೊರಳಿ ಹೊರಳಿ ಕಣ್ಣಿನ ಮೇಲಿನ ಚರ್ಮ ಕಿತ್ತುಹೋಗಿತ್ತು. ಮೈಯೆಲ್ಲ ಬೆವರು, ಬೆವರಿಗೆ ಅಂಟಿದ ಹುಲ್ಲು. ಸಾಹುಕಾರ ಕೋಣೆಯೊಳಗೆ ಮಂಡಿಯೂರಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವಳು ನೆನಪಿಟ್ಟುಕೊಂಡಿದ್ದ ಮನುಷ್ಯ ಕೋಟು ಹಾಕಿಕೊಂಡಿದ್ದ. ಇಲ್ಲಿದ್ದವನು ಒಂದು ಹರಕು ಸ್ವೆಟರಿನ ಮುದುಕ. ಮೇಸ್ತ್ರಿ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ. ಅವನಿಗೂ ತಲೆ ಪೂರಾ ನರೆತಿತ್ತು.

ಅವಳು ನೇರ ಕುದುರೆಯ ಪಕ್ಕ ಕೂತಳು. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದಳು. ತೊಂಬತ್ತಾರು. ಇರಬೇಕಾದ್ದು ನಲವತ್ತು. ತುಟಿ ಎತ್ತಿ ನೋಡಿದಳು, ವಸಡು ನೇರಳೆಗೆ ತಿರುಗಿತ್ತು. ಮೂಗಿನಿಂದ ಕೊಳವೆ ಇಳಿಸಿದಳು. ಹುಳಿನಾರುವ ಹಸಿರು ನೀರು ಬಕೆಟ್ಟಿಗೆ ಬಿತ್ತು, ಆದರೆ ಕುದುರೆಗೆ ನೆಮ್ಮದಿಯಾಗಲಿಲ್ಲ. ಉದ್ದ ಕೈಗವಸು ಹಾಕಿ ಹಿಂದಿನಿಂದ ಕೈ ಇಳಿಸಿ ತಡಕಿದಳು. ಬೆರಳಿಗೆ ಸಿಕ್ಕಿದ್ದು ಹಗ್ಗದಂತೆ ಬಿಗಿದು ಹೊಸೆದ ಕರುಳು.

ಅವಳು ಕೈ ತೆಗೆಯುವುದಕ್ಕೆ ತಡಮಾಡಿದಳು. ಒಂದೂವರೆ ಗಂಟೆಯ ಹಿಂದೆ ಇದು ಬರೀ ಗಾಳಿಯಾಗಿದ್ದಿರಬಹುದು. ಆಗಿರದೆಯೂ ಇರಬಹುದು. ಕುದುರೆಯ ಹೊಟ್ಟೆಯೊಳಗೆ ಯಾರೂ ಗಡಿಯಾರ ಇಟ್ಟಿರುವುದಿಲ್ಲ. ಆ ಪ್ರಾಣಿ ಮಾತ್ರ ತಲೆ ತಿರುಗಿಸಿ, ಇವಳಾದರೂ ಏನಾದರೂ ಮಾಡುತ್ತಾಳೇನೋ ಎಂಬಂತೆ ಅವಳನ್ನೇ ನೋಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆಯ ಕೋಲು ತನ್ನ ಕೈಯಲ್ಲಿದೆ ಎಂದು ಅವಳಿಗೆ ಆಗ ಅನ್ನಿಸಿತು. ಅನ್ನಿಸಿದ್ದನ್ನು ಒಳಗೇ ಅದುಮಿದಳು.

"ಕರುಳು ತಿರುಚಿಕೊಂಡಿದೆ. ಕೊಯ್ಯೋ ಆಸ್ಪತ್ರೆ ಎಂಟು ಗಂಟೆ ದೂರ. ಅಲ್ಲಿ ತನಕ ಇರಲ್ಲ. ನೋವು ಮುಗಿಸ್ಬೇಕು ಅಷ್ಟೆ."

ಸಾಹುಕಾರ ತಲೆ ಎತ್ತಲಿಲ್ಲ. "ಇದರ ತಾಯಿ ಹೆರೋವಾಗ ಸತ್ತಿತ್ತು. ಇದನ್ನ ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ನಾನು," ಎಂದ. ಅದರ ಕಿವಿಯ ಬುಡ ಸವರಿ, "ಮಾಡಿ," ಎಂದ.

ಅವಳು ಕುತ್ತಿಗೆಯ ನರಕ್ಕೆ ಸೂಜಿ ಹಾಕಿದಳು. ಕೆಂಪು ಕುದುರೆ ಒಂದು ದೊಡ್ಡ ಉಸಿರು ಬಿಟ್ಟು ಸುಮ್ಮನಾಯಿತು. ಎದೆಗೆ ಕಿವಿಕೊಳವೆ ಇಟ್ಟು ಕೇಳಿ, ಕಣ್ಣು ಮುಟ್ಟಿ ನೋಡಿ, ಆಯಿತು ಎಂದಳು.

ಆಗ ಸಾಹುಕಾರ ಎದ್ದು ನಿಂತ. ಮುಖ ಕೆಂಪಗಾಗಿತ್ತು.

"ಒಂಬತ್ತೂವರೆಗೆ ಕರೆದಿದ್ದೆ ನಾನು. ಹಲ್ಲು ಉಜ್ಜುತ್ತಾ ಕೂತಿದ್ರಂತೆ. ಮೇಸ್ತ್ರಿ ಗಾಡಿಯವನಿಗೆ ಫೋನ್ ಮಾಡಿ ಕೇಳಿದಾನೆ. ಬರೀತೀನಿ ನಾನು, ಮೇಲಿನವರಿಗೆ ಬರೀತೀನಿ."

ಈ ಕ್ಷಣಕ್ಕೆ ಬೇಕಾದ ಮಾತು ಅವಳ ನಾಲಗೆಯ ತುದಿಯಲ್ಲಿ ವರ್ಷಗಳಿಂದ ಕಾದು ಕೂತಿತ್ತು.

"ಬರೀರಿ ಸಾಹುಕಾರ್ರೇ. ನಿಮಗೆ ಅದು ಚೆನ್ನಾಗಿ ಬರುತ್ತೆ. ನನ್ನದೂ ಪರವಾನಗಿ ಹೋಗ್ಲಿ. ಆಮೇಲೆ ಉಳಿದ ಹದಿನೇಳಕ್ಕೆ ಯಾರನ್ನ ಕರೀತೀರಿ? ನಿಮ್ಮ ಗಡಿಯಾರ ಬರುತ್ತಾ ನೋಡೋಕೆ?"

ಅವನ ಬಾಯಿ ತೆರೆದುಕೊಂಡೇ ಉಳಿಯಿತು. ಅವಳು ಅದನ್ನು ಕಣ್ಣುತುಂಬ ನೋಡಿದಳು. ಹೊಟ್ಟೆ ತಣ್ಣಗಾಯಿತು. ಕೈಗವಸು ಕಳಚಿ ಬಕೆಟ್ಟಿಗೆ ಹಾಕಿ ತಿರುಗಿದಳು.

"ನಿಮ್ಮಪ್ಪ ಹೀಗೆ ಮಾಡ್ತಿರ್ಲಿಲ್ಲ," ಎಂದ ಸಾಹುಕಾರ ಬೆನ್ನ ಹಿಂದಿನಿಂದ.

ಅವಳು ನಿಂತಳು.

"ನಿಮ್ಮಪ್ಪ ಆಗಿದ್ರೆ ಇಪ್ಪತ್ತು ನಿಮಿಷಕ್ಕೆ ಬಂದಿರ್ತಿದ್ರು. ಆವತ್ತೂ ಹಾಗೇ ಬಂದ್ರು. ಒಂದು ನಲವತ್ತಕ್ಕೆ ಕರೆದೆ, ಎರಡಕ್ಕೆಲ್ಲ ಬಂದಿದ್ರು, ಕೈಯಲ್ಲಿ ಇನ್ನೂ ಅನ್ನ ಅಂಟಿತ್ತು. ಏಳಕ್ಕೆ ಕರೆದೆ ಅಂತ ಸುಳ್ಳು ಹೇಳಿದ್ದು ನಾನು. ಸುಳ್ಳು ಹೇಳಿದ ಪಾಪ ನನ್ನದೇ, ತಗೋ. ಆದ್ರೆ ಆ ಮನುಷ್ಯ ಎಂದೂ ಒಂದು ಪ್ರಾಣೀನ ಕಾಯಿಸ್ಲಿಲ್ಲ. ನೀನು ಕಾಯಿಸಿದೆ."

ಮೇಸ್ತ್ರಿ ಈ ಸಲ ನೆಲ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಹನ್ನೊಂದು ವರ್ಷ ಅವಳು ಬಯಸಿದ ಮಾತು ಸಾಕ್ಷಿಯ ಮುಂದೆ, ಹಾಡುಹಗಲಲ್ಲಿ, ಅವನ ಬಾಯಿಂದಲೇ ಬಂದಿತ್ತು. ಅವಳು ಸಾಮಾನು ಎತ್ತಿಕೊಂಡು ಕಾರಿಗೆ ನಡೆದಳು. ಗೇಟು ದಾಟಿದ ಮೇಲೆ ಗೇರು ಬದಲಿಸಲು ಮರೆತು ಬಹಳ ದೂರ ಹಾಗೇ ಹೋದಳು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಒಗೆದ ಅಂಗಿ ಹಾಕಿಕೊಂಡಿದ್ದರು, ಕೂದಲು ಬಾಚಿದ್ದರು. ಹೊಲಿಯುತ್ತಿದ್ದ ಲಗಾಮು ಮೇಜಿನ ಮೇಲೆ ಅರ್ಧಕ್ಕೇ ಬಿದ್ದಿತ್ತು.

"ಮೇಸ್ತ್ರಿ ಫೋನ್ ಮಾಡಿದ್ದ ಪುಟ್ಟೀ," ಎಂದರು. "ಒಪ್ಪಿಕೊಂಡನಂತೆ. ಸಾಹುಕಾರ ಬಾಯ್ಬಿಟ್ಟು ಒಪ್ಪಿಕೊಂಡನಂತೆ. ಬೇಕಾದ ಕಡೆ ಬಂದು ನಾನೂ ಹೇಳ್ತೀನಿ ಅಂದ ಮೇಸ್ತ್ರಿ, ಫೋನಲ್ಲೇ ಅತ್ತುಬಿಟ್ಟ ಕಣೇ ಆ ಮುದುಕ."

"ಬೇರೆ ಏನಂದ?"

"ಇನ್ನೇನು ಅನ್ಬೇಕು? ಅಷ್ಟೇ. ಉಳಿದಿದ್ದು ನಿಮ್ಮ ಮಗಳನ್ನೇ ಕೇಳಿ ಅಂದ."

ಅವರು ಅವಳ ಕೈಯಿಂದ ಚೀಲ ತೆಗೆದುಕೊಂಡರು. ಕುರ್ಚಿ ಎಳೆದು ಕೂರಿಸಿದರು. ನೀರು ಕೊಟ್ಟರು. ಅವರ ನಡಿಗೆಯಲ್ಲಿ ಹಳೆಯ ಡಾಕ್ಟರು ವಾಪಸು ಬಂದಿದ್ದರು. ಆ ಬೆನ್ನು ನೆಟ್ಟಗಾದದ್ದನ್ನು ಅವಳು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಅವಳು ನೀರು ಕುಡಿಯುವ ತನಕ ಕಾದು, ಎದುರಿಗೆ ಕೂತು, ಅವರು ತಮ್ಮ ಕಸುಬಿನ ಮಾತು ಕೇಳಿದರು.

"ಕುದುರೆ ಉಳೀತಾ?"

"ಇಲ್ಲ. ಕರುಳು ತಿರುಚಿಕೊಂಡಿತ್ತು."

ಅಪ್ಪ ಬೇಸರದಿಂದ ತಲೆ ಆಡಿಸಿದರು. ಆ ಬೇಸರ ಕುದುರೆಗೆ. ಆಮೇಲೆ ಅವರ ಮುಖ ಗಟ್ಟಿಯಾಯಿತು.

"ಮತ್ತೆ ತಡವಾಗಿ ಕರೆದನಾ ಅವನು?"

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ಕರೆ ಬಂದ ಹೊತ್ತು ಬಲ್ಲವರು ಮೂರೇ ಜನ. ಗಾಡಿಯವ ಫೋನಿನಲ್ಲಿ ಗೊತ್ತಿಲ್ಲದೆ ಹೇಳಿದ್ದಷ್ಟೆ, ಅವಳ ವಿರುದ್ಧ ಸಾಕ್ಷಿ ಹೇಳುವವನಲ್ಲ. ಮೇಸ್ತ್ರಿ ಆಗಲೇ ಹೇಳದೆ ಬಿಟ್ಟಿದ್ದ. ಇನ್ನು ಸಾಹುಕಾರನ ಮಾತು, ಅದನ್ನು ಈ ಸುತ್ತಿನಲ್ಲಿ ಇನ್ನು ಮೇಲೆ ಯಾರು ನಂಬುತ್ತಾರೆ?

"ಹೌದಪ್ಪ," ಎಂದಳು. "ಬಹಳ ತಡವಾಗಿ ಕರೆದ. ಕರೆದ ತಕ್ಷಣ ನಾನು ಹೋದೆ."