ಭರಮಪ್ಪನ ಟಂಟಂ ಮತ್ತು ನಲವತ್ತೊಂದು ತಗ್ಗು

೧
ಎಲ್ಲಿಂದ ಶುರು ಮಾಡಲಿ, ಹೇಳಿ. ಸ್ಪ್ರಿಂಗಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ತಗ್ಗಿನಿಂದ ಶುರು ಮಾಡಿದರೆ ನಾನೇ ಅದರಲ್ಲಿ ಬೀಳುತ್ತೇನೆ. ಮೊದಲ ಡ್ರಾಫ್ಟು ‘ಚುಮುಚುಮು ಬೆಳಗು’ ಎಂದು ಆರಂಭವಾಗಿತ್ತು. ನಾಚಿಕೆಯಾಗಿ ಹರಿದು ಹಾಕಿದೆ.

೨
ಭರಮಪ್ಪನಿಂದಲೇ ಆಗಲಿ. ಚಚಡಿಯಿಂದ ಬೈಲಹೊಂಗಲಕ್ಕೆ ಟಂಟಂ, ಅಂದರೆ ಮಂದಿ ತುಂಬುವ ಮೂರು ಗಾಲಿಯ ಗಾಡಿ, ಓಡಿಸುವವನು. ದಾರಿಯಲ್ಲಿ ನಲವತ್ತೊಂದು ತಗ್ಗು. (ಎಲ್ಲ ನಾನೇ ತೋಡಿದ್ದು. ಯಾವ ಇಲಾಖೆಯೂ ಬೇಜಾರಾಗಬೇಕಿಲ್ಲ.) ಮಗಳು ಮಂಜುಳಾ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಮುಂದಿನ ತಿಂಗಳು ಆಸ್ಪತ್ರೆಗೆ ಹೋಗಬೇಕಾದದ್ದು ಇದೇ ದಾರಿಯಲ್ಲಿ.

೩
ರಸ್ತೆ ಸರ್ವೆಗೆ ಇಂಜಿನಿಯರ್ ಪ್ರಣಿತಾ ಬಂದಳು. ಟಂಟಂ ಸೀಟಿನ ಕೆಳಗೆ ಸೆನ್ಸರ್ ಅಂಟಿಸಿ, ಕುಲುಕಾಟವನ್ನೆಲ್ಲ ಕಂಪ್ಯೂಟರಿನ ಮಾಡೆಲ್ಲಿಗೆ ಉಣಿಸುತ್ತಾಳೆ. ಮಾಡೆಲ್ಲಿನಲ್ಲಿ ಟಂಟಂ ಎಂದರೆ ಒಂದು ಭಾರ, ಅದರಡಿ ಒಂದು ಸ್ಪ್ರಿಂಗ್, ಒಂದು ಶಾಕ್ ಅಬ್ಸಾರ್ಬರ್. ಡ್ರೈವರ್ ಇಲ್ಲ. ಕುಲುಕಾಟ ಮಿತಿ ಮೀರಿದರೆ ಹೊಸ ಡಾಂಬರು. ಇಲ್ಲದಿದ್ದರೆ ಐದು ವರ್ಷ ಸುಮ್ಮನಿರಬೇಕು. ಸರ್ವೆಗೆ ಇರುವುದು ಎರಡೇ ಟ್ರಿಪ್.

ನಮ್ಮ ಭರಮಪ್ಪ ಏನು ಮಾಡಿದ ಗೊತ್ತೇ? ಬೀಗರನ್ನು ಕೂರಿಸಿಕೊಂಡವನಂತೆ, ಮೇಡಮ್ಮರ ಮೆಷಿನ್ನಿಗೆ ಪೆಟ್ಟಾಗಬಾರದೆಂದು ನಲವತ್ತೊಂದೂ ತಗ್ಗು ತಪ್ಪಿಸಿದ. ಕಂಪ್ಯೂಟರ್ ಹೇಳಿತು: ರಸ್ತೆ ಉತ್ತಮ.

“ನೋಡ್ರಿ ಮೇಡಂ, ಚಾ ಕಪ್ ಇಟ್ಟಿದ್ರೂ ತುಳುಕತಿರಲಿಲ್ಲ,” ಎಂದು ಮೀಸೆ ತಿರುವಿದ.

೪
ನನಗೆ ಮೈಯೆಲ್ಲ ಉರಿದು ಕಥೆಯೊಳಗೇ ನುಗ್ಗಿದೆ.

“ಭರಮಪ್ಪ, ಎರಡನೇ ಟ್ರಿಪ್ ಬರೀತೇನಿ. ಒಂದೂ ತಗ್ಗು ಬಿಡಬ್ಯಾಡ, ಎಲ್ಲಾದ್ರಾಗೂ ಇಳಸು.”

“ಗಾಡ್ಯಾಗ ಮಂದಿ ಇರ್ತಾರಲ್ರೀ ಸಾಹೇಬ್ರ.”

“ಖಾಲಿ ಹೊಡಿ.”

“ಖಾಲಿ ನಡೆಂಗಿಲ್ರಿ ಸರ್,” ಎಂದಳು ಪ್ರಣಿತಾ. “ಮಾಡೆಲ್ಲಿಗೆ ಫುಲ್ ಲೋಡ್ ಬೇಕು.”

ಜೋಳದ ಚೀಲ ತುಂಬಿಸಿದೆ. ಮೊದಲ ತಗ್ಗು ಬಂತು. ಭರಮಪ್ಪ ಹಲ್ಲು ಕಚ್ಚಿದ, ಕಣ್ಣು ಮುಚ್ಚಿದ, ಹ್ಯಾಂಡಲ್ ಪಕ್ಕಕ್ಕೆ ಎಳೆದ. ಎರಡನೆಯದಕ್ಕೂ ಹಾಗೇ. ಕಂಪ್ಯೂಟರ್ ಈ ಸಲ ‘ಅತ್ಯುತ್ತಮ’ ಎಂದಿತು.

೬
(೫ ಹರಿದು ಹಾಕಿದ್ದು. ಅದರಲ್ಲಿ ಹೊಸ ರಸ್ತೆ, ರಿಬ್ಬನ್, ಶಾಲು, ಪೇಡೆ ಇದ್ದವು. ಪ್ರಣಿತಾ ಒಪ್ಪಲಿಲ್ಲ: “ಡೇಟಾ ಸುಳ್ಳು ಬರೀಲಿಕ್ಕೆ ಬರಂಗಿಲ್ರಿ.” ನನ್ನ ಕಸುಬೇ ಅದು, ತಾಯಿ!)

ಭರಮಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ಹಿಂದಿನಿಂದ ಮಂಜುಳಾ ಬಂದಳು.

“ಅಪ್ಪಗ ಬೈಬ್ಯಾಡ್ರಿ. ಹ್ವಾದ ವರ್ಷ ನನಗ ನೋವು ಬಂದಾಗ ಅಪ್ಪ ಸವದತ್ತಿಗೆ ಹೋಗಿದ್ದ. ಬ್ಯಾರೆ ಗಾಡ್ಯಾಗ ಹ್ವಾದ್ವಿ. ಪ್ರತಿ ತಗ್ಗಿನ್ಯಾಗೂ ಎದ್ದು ಬಿದ್ದು ದವಾಖಾನಿ ಮುಟ್ಟೂದ್ರಾಗ ಕೂಸು ಹೋಗಿತ್ತು. ಅವತ್ತಿಂದ ತಗ್ಗು ಕಂಡ್ರ ಅಪ್ಪನ ಕೈ ತಾವಾ ಹೊಳ್ಳತಾವ.”

ನನಗೆ ಇದು ಗೊತ್ತಿರಲಿಲ್ಲ. ಕಥೆ ಬರೆಯುವವನಿಗೇ ಗೊತ್ತಿರಲಿಲ್ಲ, ಥೂ ನನ್ನ ಜನ್ಮಕ್ಕಿಷ್ಟು! ಪ್ರಣಿತಾ ಲ್ಯಾಪ್‌ಟಾಪ್ ಮುಚ್ಚಿದಳು.

ಅಷ್ಟರಲ್ಲಿ ಮಂಜುಳಾ ಹೊಟ್ಟೆ ಹಿಡಿದು ಕೂತುಬಿಟ್ಟಳು. ದಿನ ಇನ್ನೂ ತುಂಬಿರಲಿಲ್ಲ. (ಇದು ನಾನು ಬರೆದದ್ದಲ್ಲ, ಎಲ್ಲಮ್ಮನಾಣೆ.)

೭
ಚೀಲ ಇಳಿಸಿದರು. ಮಂಜುಳಾಳನ್ನು ಮಲಗಿಸಿದರು. ಅಂತ್ಯ ಬರೆಯಬೇಕಲ್ಲ ಎಂದು ನಾನೂ ಪೆನ್ನು ಹಿಡಿದು ಹತ್ತಿ ಕೂತೆ. ಕೂಸು ಅತ್ತಿತು ಎನ್ನಲೋ, ಇಲ್ಲ ಎನ್ನಲೋ?

ಭರಮಪ್ಪ ತಿರುಗಿ ನೋಡಿದ.

“ಸಾಹೇಬ್ರ, ನೀವು ಇಳೀರಿ. ಭಾರ ಆಕ್ಕೈತಿ.”

ಇಳಿದೆ. ಟಂಟಂ ಹೊರಟಿತು. ಇನ್ನೂ ಫೋನ್ ಬಂದಿಲ್ಲ.

ನೀವಿನ್ನೂ ಗಾಡಿಯೊಳಗೇ ಕೂತಿದ್ದೀರಾ? ಇಳೀರಿ, ಮಾರಾಯರೇ.